ದೇಶಕ್ಕೂ ಒಂದು ಧರ್ಮ ಬೇಕಾ? ನಾಗರಿಕ ಧರ್ಮದ ಬಗ್ಗೆ ಒಂದು ಪ್ರಶ್ನೆ

ಹಳೇಪುಟ

ಎಲ್ಲರಿಗೂ ನಮಸ್ಕಾರ. ಬಹಳ ದಿನದಿಂದ ತಲೆ ಕೊರೆಯುತ್ತಿರುವ ವಿಷಯ, ಇಲ್ಲಿ ಓದಿಕೊಂಡವರು ಇದ್ದೀರಿ ಅಂತ ಕೇಳುತ್ತಿದ್ದೇನೆ.

ಸರ್ಕಾರಕ್ಕೆ ಯಾವ ಮತವೂ ಇಲ್ಲ ಅಂತ ಕಾನೂನಿನಲ್ಲೇ ಬರೆದುಕೊಂಡ ದೇಶಗಳನ್ನು ನೋಡಿ. ಅಲ್ಲೂ ಒಂದು ಬಾವುಟ ಇರುತ್ತದೆ, ಅದು ನೆಲಕ್ಕೆ ತಾಗಬಾರದು. ಒಂದು ಗೀತೆ ಇರುತ್ತದೆ, ಕೇಳಿಸಿದರೆ ಎದ್ದು ನಿಲ್ಲಬೇಕು. ಹುತಾತ್ಮರಿದ್ದಾರೆ, ಸ್ಮಾರಕಗಳಿವೆ, ವರ್ಷಕ್ಕೊಮ್ಮೆ ಬರುವ ದೊಡ್ಡ ದಿನಗಳಿವೆ. ಅಧಿಕಾರ ಹಿಡಿಯುವವರು ಎಲ್ಲರೆದುರು ಪ್ರಮಾಣ ಮಾಡುತ್ತಾರೆ. ಇದನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ ಗುಡಿ, ಹಬ್ಬ, ಸಂತರು, ಗ್ರಂಥ ಎಲ್ಲ ಇರುವ ಒಂದು ಧರ್ಮದ ಹಾಗೇ ಕಾಣುತ್ತದೆ, ಅಲ್ವಾ?

ಇದನ್ನೇ ನಾಗರಿಕ ಧರ್ಮ ಅನ್ನುತ್ತಾರೆ. ತತ್ವಜ್ಞಾನಿ ರೂಸೋ 1762ರಲ್ಲಿ ತನ್ನ 'ಸಾಮಾಜಿಕ ಒಪ್ಪಂದ'ದ ಕೊನೆಯಲ್ಲಿ ಇದಕ್ಕೆ ಒಂದು ಅಧ್ಯಾಯವನ್ನೇ ಇಟ್ಟಿದ್ದಾನೆ. ಅವನ ಪಟ್ಟಿ ಚಿಕ್ಕದು. ದೇವರಿದ್ದಾನೆ, ಸತ್ತ ಮೇಲೂ ಬದುಕಿದೆ, ಒಳ್ಳೆಯವರಿಗೆ ಸುಖ, ಕೆಟ್ಟವರಿಗೆ ಶಿಕ್ಷೆ, ಒಪ್ಪಂದ ಮತ್ತು ಕಾನೂನು ಪವಿತ್ರ. ಕೂಡದು ಅಂದದ್ದು ಒಂದೇ, ಅಸಹನೆ. ಇಷ್ಟು ಒಪ್ಪಿಕೊಂಡರೆ ಉಳಿದ ನಂಬಿಕೆ ಅವರವರ ಇಷ್ಟ. ಇಲ್ಲಿಯವರೆಗೆ ಸರಿ. ಆದರೆ ಅದೇ ಅಧ್ಯಾಯದಲ್ಲಿ, ಇದನ್ನು ಒಪ್ಪದವನನ್ನು ದೇಶದಿಂದ ಹೊರಗೆ ಹಾಕಬಹುದು, ಒಪ್ಪಿದೆ ಅಂತ ಎಲ್ಲರೆದುರು ಹೇಳಿ ಆಮೇಲೆ ನಂಬದವನ ಹಾಗೆ ನಡೆದುಕೊಂಡರೆ ಮರಣದಂಡನೆ ಕೊಡಬೇಕು ಅಂತಲೂ ಇದೆ. ಅಸಹನೆ ಕೂಡದು ಅಂದ ಮನುಷ್ಯನೇ ಇದನ್ನೂ ಬರೆದ. ಓದಿ ನನಗೆ ನಿಜಕ್ಕೂ ಗಾಬರಿಯಾಯಿತು.

ಹಾಗಾಗಿ ಕೇಳುತ್ತಿದ್ದೇನೆ. ಪ್ರಜಾಪ್ರಭುತ್ವಕ್ಕೆ ಇದೆಲ್ಲ ಬೇಕೇ ಬೇಕಾ? ಕಾನೂನು, ತೆರಿಗೆ, ಚುನಾವಣೆ ಇಷ್ಟರಲ್ಲೇ ಒಂದು ದೇಶ ಒಟ್ಟಿಗೆ ಬಾಳಲಾರದಾ? ಇದರಿಂದ ಲಾಭ ಯಾರಿಗೆ, ಆಳುವವರಿಗಾ, ಜನರಿಗಾ? ಮತ್ತೆ, ಮನಸ್ಸಾಕ್ಷಿ ಒಪ್ಪದೆ ಹೊರಗೆ ನಿಲ್ಲುವವನ ಗತಿ ಏನು? ಪಕ್ಷಗಳ ಪರ ವಿರೋಧ ಬೇಡ, ದಯವಿಟ್ಟು ವಿಷಯದ ಮೇಲೇ ಮಾತಾಡೋಣ.

---

ಚುಕ್ಕಿಗೆರೆ

ಬೇಕು ಅಂತಲೇ ನನ್ನ ಉತ್ತರ. ದೇಶ ಅನ್ನುವುದು ಒಬ್ಬರ ಮುಖ ಒಬ್ಬರು ನೋಡದ ಕೋಟಿಗಟ್ಟಲೆ ಜನ. ಇವರು ಒಬ್ಬರಿಗಾಗಿ ಒಬ್ಬರು ತೆರಿಗೆ ಕಟ್ಟಬೇಕು. ಚುನಾವಣೆಯಲ್ಲಿ ಸೋತರೆ ತಕರಾರಿಲ್ಲದೆ ಕುರ್ಚಿ ಬಿಟ್ಟು ಇಳಿಯಬೇಕು. ಯುದ್ಧ ಬಂದರೆ ಪ್ರಾಣವನ್ನೂ ಕೊಡಬೇಕು. ಬರೀ ಲಾಭ ನಷ್ಟದ ಲೆಕ್ಕ ಹಾಕುತ್ತಾ ಕೂತರೆ ಇದು ಯಾವುದೂ ನಡೆಯುವುದಿಲ್ಲ. ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಎಮಿಲ್ ಡರ್ಕೈಮ್ 1912ರಲ್ಲೇ ಇದನ್ನು ಹೇಳಿದ್ದರು: ಜನ ಒಟ್ಟಾಗಿ ಒಂದು ಗುರುತಿನ ಮುಂದೆ ತಲೆ ಬಾಗಿದಾಗ ಅವರು ಗೌರವ ಕೊಡುತ್ತಿರುವುದು ತಮ್ಮ ಒಗ್ಗಟ್ಟಿಗೇ. ಆ ಗುರುತುಗಳನ್ನೆಲ್ಲ ಕಿತ್ತು ಹಾಕಿದರೂ ಜಾಗ ಖಾಲಿ ಉಳಿಯುವುದಿಲ್ಲ. ಬೇರೆ ಏನೋ ಬಂದು ಕೂರುತ್ತದೆ, ಎಷ್ಟೋ ಸಲ ಒಬ್ಬ ನಾಯಕನ ಮುಖವೇ ಬಂದು ಕೂರುತ್ತದೆ.

ಲಾಭ ಯಾರಿಗೆ ಅಂದಿರಲ್ಲ, ಅದಕ್ಕೆ ಅಮೆರಿಕದ ಉದಾಹರಣೆ ಕೊಡುತ್ತೇನೆ. 1967ರಲ್ಲಿ ರಾಬರ್ಟ್ ಬೆಲ್ಲಾ ಅನ್ನುವ ಸಮಾಜಶಾಸ್ತ್ರಜ್ಞರು ಅಲ್ಲಿನ ನಾಗರಿಕ ಧರ್ಮದ ಬಗ್ಗೆ ಒಂದು ಲೇಖನ ಬರೆದರು, ಇವತ್ತಿಗೂ ಈ ವಿಷಯ ಎತ್ತಿದವರೆಲ್ಲ ಅಲ್ಲಿಂದಲೇ ಶುರು ಮಾಡುತ್ತಾರೆ. ಅವರು ಮೊದಲು ತೆಗೆದುಕೊಂಡದ್ದು ಕೆನಡಿ 1961ರ ಜನವರಿಯಲ್ಲಿ ಅಧಿಕಾರ ವಹಿಸಿಕೊಂಡಾಗ ಮಾಡಿದ ಭಾಷಣವನ್ನು. ಅದರಲ್ಲಿ ದೇವರು ಮೂರು ಸಲ ಬರುತ್ತಾನೆ, ಏಸುವಿನ ಹೆಸರು ಒಂದು ಸಲವೂ ಇಲ್ಲ. ಕೆನಡಿ ಕ್ಯಾಥೊಲಿಕ್ ಮನುಷ್ಯ, ಅದು ಅವರ ಮನೆಯ ನಂಬಿಕೆ. ಅಧ್ಯಕ್ಷರಾಗಿ ಎಲ್ಲರೆದುರು ನಿಂತಾಗ ಮಾತ್ರ ಬೇರೆ ಬೇರೆ ಪಂಗಡದವರೂ ನಮ್ಮವನೇ ಅಂದುಕೊಳ್ಳಬಹುದಾದ ದೇವರ ಹೆಸರು ಹೇಳಿದರು. ಬೆಲ್ಲಾ ಇದನ್ನು ಬರೆದದ್ದು ವಿಯೆಟ್ನಾಂ ಯುದ್ಧ ಜೋರಾಗಿದ್ದಾಗ. ದೇಶವನ್ನು ಹಾಡಿ ಹೊಗಳಿ ಅಂತ ಅವರು ಬರೆಯಲಿಲ್ಲ. ದೇಶಕ್ಕಿಂತ ಮೇಲೆ ಒಂದು ನ್ಯಾಯ ಇದೆ, ದೇಶವೂ ಅದಕ್ಕೆ ಜವಾಬು ಕೊಡಬೇಕು ಅನ್ನುವುದು ಅವರ ಮಾತಿನ ತಿರುಳು. ಈ ಅರ್ಧವನ್ನು ಜನ ಮರೆತೇಬಿಡುತ್ತಾರೆ, ಅದೇ ನನಗೆ ಬೇಜಾರು.

ಲಿಂಕನ್ 1865ರ ಮಾರ್ಚ್ 4ರಂದು ಎರಡನೇ ಸಲ ಪ್ರಮಾಣ ತೆಗೆದುಕೊಂಡಾಗ ಅಂತರ್ಯುದ್ಧ ಇನ್ನೇನು ಗೆದ್ದ ಹಾಗೇ ಇತ್ತು. ಬೇರೆ ಯಾರಾದರೂ ಆಗಿದ್ದರೆ ಎದೆ ತಟ್ಟಿಕೊಳ್ಳುತ್ತಿದ್ದರು. ಅವರು ಹೇಳಿದ್ದೇ ಬೇರೆ: ಎರಡೂ ಕಡೆಯವರು ಓದುವುದು ಒಂದೇ ಬೈಬಲ್, ಬೇಡಿಕೊಳ್ಳುವುದು ಒಂದೇ ದೇವರನ್ನು, ಗುಲಾಮಗಿರಿಯ ಪಾಪಕ್ಕಾಗಿ ಉತ್ತರ ದಕ್ಷಿಣ ಎರಡಕ್ಕೂ ಸೇರಿ ಬಂದ ಶಿಕ್ಷೆ ಇರಬಹುದು ಈ ಯುದ್ಧ. ಗೆಲ್ಲುವ ಹೊತ್ತಿನಲ್ಲಿ ನಿಂತು ತನ್ನ ಕಡೆಯವರಿಗೂ ಇದನ್ನು ಹೇಳುವ ಧೈರ್ಯ ಬಂದದ್ದು ಇದೇ ನಾಗರಿಕ ಧರ್ಮದ ಮಾತುಗಳಿಂದ.

ಆ ಲಿಂಕನ್ ಅವರ ಸ್ಮಾರಕವನ್ನೇ ನೋಡಿ. ವಾಷಿಂಗ್ಟನ್‌ನಲ್ಲಿ 1922ರ ಮೇ 30ರಂದು ಅದರ ಉದ್ಘಾಟನೆ ಆಯಿತು. ಗುಲಾಮಗಿರಿ ತೊಲಗಿಸಿದವರ ಸ್ಮಾರಕ ಅದು, ಆದರೆ ಆವತ್ತು ಕರಿಯರಿಗೆ ಬೇರೆಯಾಗಿ ಹಿಂದೆ ಕೂರುವ ಜಾಗ ಮಾಡಿದ್ದರು. 1939ರಲ್ಲಿ ಮೇರಿಯನ್ ಆಂಡರ್ಸನ್ ಅನ್ನುವ ದೊಡ್ಡ ಗಾಯಕಿಗೆ, ಕರಿಯರು ಅನ್ನುವ ಒಂದೇ ಕಾರಣಕ್ಕೆ, ನಗರದ ಒಂದು ದೊಡ್ಡ ಸಭಾಂಗಣ ಕೊಡಲಿಲ್ಲ. ಅವರು ಈಸ್ಟರ್ ಭಾನುವಾರ ಇದೇ ಸ್ಮಾರಕದ ಮೆಟ್ಟಿಲ ಮೇಲೆ ನಿಂತು ಸಾವಿರಾರು ಜನರ ಮುಂದೆ ಹಾಡಿದರು. 1963ರ ಆಗಸ್ಟ್ 28ರಂದು ಅಲ್ಲೇ ಮಾರ್ಟಿನ್ ಲೂಥರ್ ಕಿಂಗ್ ನಿಂತರು. ಅವರು ಹೊಸ ಗ್ರಂಥವನ್ನೇನೂ ತರಲಿಲ್ಲ. ಸ್ವಾತಂತ್ರ್ಯ ಘೋಷಣೆ, ಸಂವಿಧಾನ ಇವನ್ನೇ ಎತ್ತಿ ಹಿಡಿದು, ನೀವು ಬರೆದುಕೊಟ್ಟ ಚೆಕ್ ಇದು, ನಮ್ಮ ಪಾಲಿಗೆ ಬಂದಾಗ ಹಣವಿಲ್ಲ ಅಂತ ವಾಪಸ್ ಕಳಿಸಿದ್ದೀರಿ ಅಂತ ಕೇಳಿದರು. ಆಳುವವರು ಕಟ್ಟಿಸಿದ ಗುಡಿಯಲ್ಲಿ ನಿಂತು, ಆಳುವವರದೇ ಮಂತ್ರ ಹೇಳಿ, ಅವರ ಬಾಯಿ ಕಟ್ಟಿಸಿದ್ದು ಇದು. ಆ ಮಾತುಗಳು ಎಲ್ಲರಿಗೂ ಪವಿತ್ರ ಆಗಿರದಿದ್ದರೆ ಕಿಂಗ್ ಅವರ ಕೈಯಲ್ಲಿ ಏನಿರುತ್ತಿತ್ತು ಹೇಳಿ?

---

ಕಲ್ಲುಬೆಂಚು

ಚುಕ್ಕಿಗೆರೆ ಅವರೇ, ಕಿಂಗ್ ವಿಷಯದಲ್ಲಿ ನನ್ನದೇನೂ ತಕರಾರಿಲ್ಲ. ಆದರೆ ನೀವು ಮೆಟ್ಟಿಲ ಮೇಲೆ ನಿಂತು ಮಾತಾಡಲು ಜಾಗ ಸಿಕ್ಕವರ ಕಥೆ ಹೇಳಿದಿರಿ. ನಾನು ಮೆಟ್ಟಿಲಿಂದ ತಳ್ಳಿಸಿಕೊಂಡವರ ಕಡೆಯಿಂದ ನೋಡುತ್ತೇನೆ.

ಸುಮಾರು 112ರಲ್ಲಿ, ಈಗಿನ ಟರ್ಕಿಯ ಉತ್ತರ ಭಾಗದಲ್ಲಿ ಪ್ಲಿನಿ ಅನ್ನುವವನು ರೋಮ್ ಸಾಮ್ರಾಜ್ಯದ ರಾಜ್ಯಪಾಲ. ಕ್ರೈಸ್ತರು ಅಂತ ದೂರು ಬಂದವರನ್ನು ಹೇಗೆ ವಿಚಾರಿಸಿದೆ ಅಂತ ಅವನು ಚಕ್ರವರ್ತಿ ಟ್ರಾಜನ್‌ಗೆ ಪತ್ರ ಬರೆದಿದ್ದಾನೆ, ಪತ್ರ ಇವತ್ತಿಗೂ ಉಳಿದಿದೆ. ದೇವರುಗಳ ಮೂರ್ತಿಗಳ ಜೊತೆ ಚಕ್ರವರ್ತಿಯ ಮೂರ್ತಿಯನ್ನೂ ತರಿಸಿ ಇಡಿಸಿದ. ಅದಕ್ಕೆ ಧೂಪ ಹಾಕಿ, ದ್ರಾಕ್ಷಾರಸ ಅರ್ಪಿಸಿ, ಕ್ರಿಸ್ತನನ್ನು ಬೈದರೆ ಬಿಡುಗಡೆ. ಮೂರು ಸಲ ಕೇಳಿದರೂ ತಾನು ಕ್ರೈಸ್ತ ಅಂತಲೇ ಹೇಳಿದವರನ್ನು ಕೊಲ್ಲಿಸಿದ. ಅವನ ಪತ್ರದಲ್ಲಿ ಒಂದು ಮಾತು ನೋಡಿ. ಅವರು ನಂಬಿದ್ದು ಏನೇ ಇರಲಿ, ಆ ಹಟಕ್ಕೇ ಶಿಕ್ಷೆ ಆಗಬೇಕು ಅಂತ ಬರೆಯುತ್ತಾನೆ. ಅವರ ಒಳಗಿನ ನಂಬಿಕೆ ಅವನಿಗೆ ದೊಡ್ಡದಾಗಿ ಕಾಣಲಿಲ್ಲ. ಒಂದು ಚಿಟಿಕೆ ಧೂಪ ಹಾಕು ಅಂದರೆ ಹಾಕದೆ ಇದ್ದದ್ದೇ ಅಪರಾಧ.

ಇದು ಹಳೇ ಕಾಲ ಅನ್ನಬೇಡಿ. ಜಪಾನಿನ 1889ರ ಸಂವಿಧಾನದಲ್ಲಿ, ಒಂದಷ್ಟು ಮಿತಿ ಹಾಕಿಯೇ ಆದರೂ, ಮತ ಸ್ವಾತಂತ್ರ್ಯ ಇತ್ತು. ಆದರೆ ಶಿಂಟೋ ಅನ್ನುವ ಅಲ್ಲಿನ ಮೂಲ ಧರ್ಮದ ದೇಗುಲಗಳ ಆಚರಣೆ ಮತವೇ ಅಲ್ಲ, ಅದು ಪ್ರಜೆಯಾದವನ ಕರ್ತವ್ಯ ಅಂತ ಸರ್ಕಾರ ಹೇಳಿತು. ಮತ ಅಲ್ಲ ಅಂದ ಮೇಲೆ ಮತ ಸ್ವಾತಂತ್ರ್ಯದ ಪ್ರಶ್ನೆಯೇ ಏಳುವುದಿಲ್ಲ, ಎಲ್ಲರೂ ಬಂದು ಬಗ್ಗಲೇಬೇಕು. 1891ರ ಜನವರಿಯಲ್ಲಿ ಉಚಿಮುರಾ ಕಾನ್‌ಜೋ ಅನ್ನುವ ಕ್ರೈಸ್ತ ಅಧ್ಯಾಪಕರು, ಶಿಕ್ಷಣದ ಬಗ್ಗೆ ಚಕ್ರವರ್ತಿ ಹೊರಡಿಸಿದ್ದ ಆಜ್ಞೆಯ ಮುಂದೆ ಸಾಕಷ್ಟು ಬಗ್ಗಲಿಲ್ಲ ಅನ್ನುವುದಕ್ಕೆ ದೊಡ್ಡ ಗಲಾಟೆ ಆಗಿ ಕೆಲಸ ಕಳೆದುಕೊಂಡರು. ಅವರು ಆಜ್ಞೆಯನ್ನು ಹರಿದು ಹಾಕಿರಲಿಲ್ಲ, ಬೈದಿರಲಿಲ್ಲ. ಬೆನ್ನು ಎಷ್ಟು ಬಗ್ಗಿತು ಅನ್ನುವುದೇ ದೇಶಭಕ್ತಿಯ ಅಳತೆ ಆಗಿಹೋಗಿತ್ತು. "ಇದು ಧರ್ಮ ಅಲ್ಲ ರೀ, ಸುಮ್ನೆ ಒಂದು ಗೌರವ ಅಷ್ಟೆ" ಅಂತ ಯಾರಾದರೂ ಅಂದಾಗ ನನಗೆ ಇದೇ ನೆನಪಾಗುತ್ತದೆ.

ಇನ್ನು ನಿಮ್ಮ ಅಮೆರಿಕ. ಬಾವುಟಕ್ಕೆ ನಿಷ್ಠೆ ಹೇಳುವ ಪ್ರತಿಜ್ಞೆಯನ್ನು 1892ರಲ್ಲಿ ಫ್ರಾನ್ಸಿಸ್ ಬೆಲ್ಲಮಿ ಬರೆದರು, ಶಾಲಾ ಮಕ್ಕಳಿಗಾಗಿ. ಬಾವುಟದ ಕಡೆಗೆ ತೋಳು ಚಾಚಿ ಹೇಳುವ ಪದ್ಧತಿ ಇತ್ತು. ನಾಜಿಗಳ ಸೆಲ್ಯೂಟ್ ಹಾಗೇ ಕಾಣುತ್ತದೆ ಅಂತ 1942ರಲ್ಲಿ ಕೈಯನ್ನು ಎದೆ ಮೇಲೆ ಇಡುವ ಹಾಗೆ ಬದಲಾಯಿಸಿದರು. ಕೈ ಬದಲಾಯಿತು, ಬಲವಂತ ಬದಲಾಗಲಿಲ್ಲ. ಯೆಹೋವನ ಸಾಕ್ಷಿಗಳು ಅನ್ನುವ ಪಂಗಡದ ಮಕ್ಕಳು, ನಾವು ದೇವರಿಗಲ್ಲದೆ ಇನ್ನು ಯಾವುದಕ್ಕೂ ವಂದಿಸುವುದಿಲ್ಲ ಅಂದಾಗ ಶಾಲೆಯಿಂದ ಹೊರಗೆ ಹಾಕಿದರು. 1940ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ 8-1 ಬಹುಮತದಿಂದ ಶಾಲೆಯ ಕಡೆಗೇ ತೀರ್ಪು ಕೊಟ್ಟಿತು. ತೀರ್ಪು ಬಂದ ಮೇಲೆ ಆ ಪಂಗಡದವರ ಮೇಲೆ ಊರೂರಲ್ಲಿ ಹಲ್ಲೆ ಆಯಿತು. 1943ರ ಜೂನ್ 14ರಂದು ಅದೇ ಕೋರ್ಟ್ ತನ್ನ ತೀರ್ಪನ್ನು ತಾನೇ ತಿರುಗಿಸಿತು, ಅದೂ ಯುದ್ಧದ ನಡುವೆ. ಯಾವುದು ಸರಿಯಾದ ನಂಬಿಕೆ ಅಂತ ಯಾವ ಅಧಿಕಾರಿಯೂ ಗೊತ್ತು ಮಾಡುವ ಹಾಗಿಲ್ಲ ಅಂತ ನ್ಯಾಯಮೂರ್ತಿ ಜಾಕ್ಸನ್ ಬರೆದರು. ಒಳ್ಳೆಯ ತೀರ್ಪು. ಆದರೆ ಆ ಮೂರು ವರ್ಷ ಪೆಟ್ಟು ತಿಂದವರು ಯಾರು?

ಹಳೇಪುಟ ಅವರೇ, ನೀವು ರೂಸೋ ಓದಿ ಗಾಬರಿಯಾದದ್ದು ಸರಿಯಾಗಿಯೇ ಇದೆ. ಆ ಮರಣದಂಡನೆಯ ಸಾಲು ಬಾಯಿ ತಪ್ಪಿ ಬಂದದ್ದಲ್ಲ. ಇಡೀ ದೇಶ ಒಂದನ್ನು ಪವಿತ್ರ ಅಂತ ಒಪ್ಪಲೇಬೇಕು ಅಂದ ಕೂಡಲೇ ಒಪ್ಪದವನಿಗೆ ಏನು ಮಾಡಬೇಕು ಅನ್ನುವ ಪ್ರಶ್ನೆ ಬರುತ್ತದೆ. ರೂಸೋ ಅದಕ್ಕೆ ಮುಚ್ಚುಮರೆ ಇಲ್ಲದೆ ಉತ್ತರ ಬರೆದ, ಉಳಿದವರು ಬರೆಯದೆ ಮಾಡುತ್ತಾರೆ.

---

ಹಳೇಪುಟ

ಇಬ್ಬರಿಗೂ ಧನ್ಯವಾದ. ಇಬ್ಬರ ಮಾತೂ ನಾಟಿತು, ಅದೇ ಕಷ್ಟ. ಒಂದು ಉಪಪ್ರಶ್ನೆ. ಕಲ್ಲುಬೆಂಚು ಅವರು ಹೇಳಿದ್ದರಲ್ಲಿ ಎಲ್ಲ ಕಡೆ ಹಳೇ ದೇವರು, ಹಳೇ ರಾಜ ಇದ್ದಾರೆ. ಅವನ್ನೆಲ್ಲ ಬಿಟ್ಟು ಬರೀ ಸ್ವಾತಂತ್ರ್ಯ, ಸಮಾನತೆ ಇಂಥ ಮೌಲ್ಯಗಳ ಮೇಲೇ ಒಂದು ನಾಗರಿಕ ಧರ್ಮವನ್ನು ಯೋಚನೆ ಮಾಡಿ ಕಟ್ಟಲು ಆಗುವುದಿಲ್ಲವಾ? ಯಾರಾದರೂ ಪ್ರಯತ್ನ ಮಾಡಿದ್ದಾರಾ?

---

ಮೂಲೆಮನೆ

ಮಾಡಿದ್ದಾರೆ. ರೂಸೋನ ಶಿಷ್ಯ ಅಂತಲೇ ಹೇಳಬಹುದಾದ, ಫ್ರೆಂಚ್ ಕ್ರಾಂತಿಯ ನಾಯಕ ರೊಬೆಸ್ಪಿಯರ್. 1794ರ ಜೂನ್ 8ರಂದು ಪ್ಯಾರಿಸ್‌ನಲ್ಲಿ ಪರಮಾತ್ಮನ ಉತ್ಸವ ಅಂತ ಮಾಡಿದರು. ಚಿತ್ರಕಾರ ಡೇವಿಡ್ ಇಡೀ ಏರ್ಪಾಟು ನೋಡಿಕೊಂಡಿದ್ದ. ನಾಸ್ತಿಕತೆ ಅನ್ನುವ ಒಂದು ಬೊಂಬೆ ಮಾಡಿಸಿ ರೊಬೆಸ್ಪಿಯರ್ ಅದಕ್ಕೆ ಬೆಂಕಿ ಇಟ್ಟ, ಅದು ಸುಟ್ಟು ಬಿದ್ದಾಗ ಒಳಗಿಂದ ವಿವೇಕದ ಮೂರ್ತಿ ಹೊರಗೆ ಕಾಣಬೇಕು ಅಂತ ಯೋಜನೆ. ಕಂಡಿತು, ಆದರೆ ಹೊಗೆಯ ಮಸಿ ಮೆತ್ತಿಕೊಂಡಿತ್ತು ಅಂತ ಹೇಳುತ್ತಾರೆ. ಆಮೇಲೆ ಬಯಲಿನಲ್ಲಿ ಕಟ್ಟಿದ್ದ ಕೃತಕ ಬೆಟ್ಟಕ್ಕೆ ಎಲ್ಲರೂ ಮೆರವಣಿಗೆ ಹೋದರು. ಎರಡು ತಿಂಗಳೊಳಗೆ, ಜುಲೈ 28ಕ್ಕೆ, ರೊಬೆಸ್ಪಿಯರ್ ತಲೆಯೇ ಗಿಲೊಟಿನ್‌ಗೆ ಹೋಯಿತು. ಅವನ ಧರ್ಮವೂ ಅವನ ಜೊತೆಗೇ ಹೋಯಿತು.

ಮೇಲೆ ಕೂತವರು ಒಂದು ದಿನ ಯೋಚಿಸಿ ಜನರ ಮೇಲೆ ಹೇರಿದ ಭಕ್ತಿ ನಿಲ್ಲುವುದಿಲ್ಲ. ಆದರೆ ಫ್ರಾನ್ಸಿನಲ್ಲಿ ನಾಗರಿಕ ಧರ್ಮ ಇಲ್ಲವಾ? ಬೇಕಾದಷ್ಟಿದೆ, ನಿಧಾನಕ್ಕೆ ಬೇರು ಬಿಟ್ಟು ಬಂತು. ಪ್ಯಾಂಥಿಯನ್ ಕಟ್ಟಡವನ್ನೇ ತೆಗೆದುಕೊಳ್ಳಿ. ಚರ್ಚ್ ಅಂತ ಕಟ್ಟಿಸಿದ್ದು, 1791ರಲ್ಲಿ ದೇಶದ ಮಹನೀಯರ ಸಮಾಧಿ ಮಂದಿರ ಮಾಡಿದರು. ಮೊದಲು ಅಲ್ಲಿಗೆ ಬಂದವನು ಕ್ರಾಂತಿಯ ಮೊದಲ ದಿನಗಳ ನಾಯಕ ಮಿರಾಬೊ. ಅವನು ರಾಜನ ಜೊತೆ ಒಳಗೊಳಗೆ ವ್ಯವಹಾರ ಇಟ್ಟುಕೊಂಡಿದ್ದ ಅಂತ ಗೊತ್ತಾದ ಮೇಲೆ ಅವನನ್ನು ಹೊರಗೆ ಹಾಕಿ ಇನ್ನೊಬ್ಬ ಕ್ರಾಂತಿಕಾರಿ ಮರಾನನ್ನು ತಂದರು. ಕೆಲವೇ ತಿಂಗಳಲ್ಲಿ ಮರಾನನ್ನೂ ಹೊರಗೆ ಹಾಕಿದರು. ಮುಂದಿನ ಶತಮಾನದಲ್ಲಿ ಸರ್ಕಾರ ಬದಲಾದ ಹಾಗೆ ಕಟ್ಟಡ ಮತ್ತೆ ಚರ್ಚ್ ಆಯಿತು, ಮತ್ತೆ ಮಂದಿರ ಆಯಿತು. 1885ರಲ್ಲಿ ವಿಕ್ಟರ್ ಹ್ಯೂಗೊ ತೀರಿಕೊಂಡಾಗ ಪ್ಯಾರಿಸ್‌ನ ಬೀದಿಗಳಲ್ಲಿ ಜನಸಾಗರ, ಶವವನ್ನು ಅಲ್ಲಿಗೆ ತಂದರು, ಆಮೇಲೆ ಅದು ಮತ್ತೆ ಚರ್ಚ್ ಆಗಲಿಲ್ಲ. ಸುಮಾರು ನೂರು ವರ್ಷ ಹಿಡಿಯಿತು ನೋಡಿ. ಜುಲೈ 14 ಕೂಡ ಅಷ್ಟೇ, ಬಾಸ್ಟೀಲ್ ಸೆರೆಮನೆ ಜನರ ಕೈಗೆ ಬಿದ್ದದ್ದು 1789ರಲ್ಲಿ, ರಾಷ್ಟ್ರೀಯ ದಿನ ಅಂತ ಕಾನೂನು ಆದದ್ದು 1880ರಲ್ಲಿ.

ಪ್ಯಾಂಥಿಯನ್ ಒಳಗೆ ಯಾರು ಬರಬೇಕು ಅನ್ನುವ ಜಗಳ ಈಗಲೂ ನಡೆಯುತ್ತದೆ. 2021ರಲ್ಲಿ ಜೋಸೆಫಿನ್ ಬೇಕರ್ ಅವರಿಗೆ ಅಲ್ಲಿ ಜಾಗ ಸಿಕ್ಕಿತು. ಅಮೆರಿಕದಲ್ಲಿ ಹುಟ್ಟಿದ ಕರಿಯ ಕಲಾವಿದೆ, ನಾಜಿಗಳ ವಿರುದ್ಧ ಗುಟ್ಟಾಗಿ ಕೆಲಸ ಮಾಡಿದವರು. ಇಂಥ ಜಗಳ ನಡೆಯುವುದು ನನ್ನ ಪ್ರಕಾರ ಒಳ್ಳೆಯದೇ. ಪಟ್ಟಿ ಮುಗಿಯಿತು, ಇನ್ನು ಯಾರೂ ಕೇಳಬಾರದು ಅನ್ನುವ ದೇಶದಲ್ಲಿ ಇರಲು ನನಗೆ ಭಯ.

---

ಅಂಚೆಪೆಟ್ಟಿಗೆ

ಈ ಚರ್ಚೆ ಯಾವಾಗಲೂ ಅಮೆರಿಕ, ಫ್ರಾನ್ಸಿನಲ್ಲೇ ಸುತ್ತುತ್ತದೆ. ನಾನು ಇಂಡೊನೇಷ್ಯಾದ ಕಥೆ ಹೇಳುತ್ತೇನೆ, ಯಾಕೆಂದರೆ ಇಲ್ಲಿ ನಡೆದಿರುವ ವಾದದ ಎರಡೂ ಕಡೆ ಒಂದೇ ದೇಶದಲ್ಲಿ ಸಿಗುತ್ತದೆ.

1945ರ ಜೂನ್ 1ರಂದು ಸ್ವಾತಂತ್ರ್ಯ ಹೋರಾಟದ ನಾಯಕ ಸುಕರ್ನೊ ಒಂದು ಭಾಷಣ ಮಾಡಿ ಪಂಚಶೀಲ ಅಂತ ಐದು ತತ್ವ ಮುಂದಿಟ್ಟರು. ಸಾವಿರಾರು ದ್ವೀಪ, ಬಹುಪಾಲು ಮುಸ್ಲಿಮರು, ಪೂರ್ವದಲ್ಲಿ ಕ್ರೈಸ್ತರು, ಬಾಲಿಯಲ್ಲಿ ಹಿಂದೂಗಳು. ಇವರನ್ನೆಲ್ಲ ಒಂದೇ ದೇಶದಲ್ಲಿ ಹಿಡಿದಿಡಬೇಕಿತ್ತು. ಅದೇ ತಿಂಗಳು ಸಿದ್ಧವಾದ ಒಂದು ಕರಡಿನಲ್ಲಿ, ಮುಸ್ಲಿಮರು ಶರೀಯತ್ ಪಾಲಿಸುವ ಹೊಣೆ ಹೊರಬೇಕು ಅನ್ನುವ ಮಾತು ಸೇರಿತು. ಆಗಸ್ಟ್ 17ಕ್ಕೆ ಸ್ವಾತಂತ್ರ್ಯ ಘೋಷಣೆ ಆಯಿತು. ಇದು ಹೀಗೇ ಇದ್ದರೆ ನಾವು ಜೊತೆಗೆ ಇರುವುದು ಕಷ್ಟ ಅಂತ ಪೂರ್ವದವರಿಂದ ಮಾತು ಬಂತು. ಮಾರನೇ ದಿನ ಸುಕರ್ನೊ ಅವರ ಜೊತೆಗಾರ ಹತ್ತಾ ಅವರು ಮುಸ್ಲಿಂ ನಾಯಕರ ಜೊತೆ ಕೂತು ಮಾತಾಡಿದರು, ಅವರ ಭಾಷೆಯಲ್ಲಿ ಏಳು ಪದಗಳಾಗುವ ಆ ಸಾಲನ್ನು ತೆಗೆದರು. ಏಕದೇವನಲ್ಲಿ ನಂಬಿಕೆ ಅಂತಷ್ಟೇ ಉಳಿಯಿತು. ಬಹುಸಂಖ್ಯಾತರ ನಾಯಕರು ದೇಶ ಒಡೆಯಬಾರದು ಅಂತ ತಮ್ಮ ಸಾಲನ್ನು ಬಿಟ್ಟುಕೊಟ್ಟರು. ಚುಕ್ಕಿಗೆರೆ ಅವರು ಹೇಳುವ ಉಪಕಾರ ಇದಕ್ಕಿಂತ ಚೆನ್ನಾಗಿ ಕಾಣುವ ಜಾಗ ನನಗೆ ಗೊತ್ತಿಲ್ಲ.

ಆಮೇಲಿನದು ಕಲ್ಲುಬೆಂಚು ಅವರ ಕಡೆಗೆ ಹೋಗುತ್ತದೆ. ಸೇನಾಧಿಕಾರಿ ಸುಹಾರ್ತೊ ಅಧಿಕಾರಕ್ಕೆ ಬಂದ ಮೇಲೆ ಅದೇ ಪಂಚಶೀಲ ದೊಣ್ಣೆ ಆಯಿತು. 1978ರಿಂದ ವಿದ್ಯಾರ್ಥಿಗಳಿಗೆ, ಸರ್ಕಾರಿ ನೌಕರರಿಗೆ ಪಂಚಶೀಲದ ತರಬೇತಿ ಕಡ್ಡಾಯ. 1985ರಲ್ಲಿ ಎಲ್ಲ ಸಂಘ ಸಂಸ್ಥೆಗಳೂ ತಮ್ಮ ಏಕೈಕ ಆಧಾರ ಪಂಚಶೀಲ ಅಂತ ಬರೆದುಕೊಳ್ಳಬೇಕು ಅನ್ನುವ ಕಾನೂನು, ಮುಸ್ಲಿಂ ಸಂಘಟನೆಗೂ ಅಷ್ಟೇ, ಚರ್ಚಿಗೂ ಅಷ್ಟೇ. ಸರ್ಕಾರವನ್ನು ಟೀಕಿಸಿದರೆ ಪಂಚಶೀಲದ ವಿರೋಧಿ ಅನ್ನುವ ಹಣೆಪಟ್ಟಿ. ಹಿಡಿದವರು ಬೇರೆ ಆದರು, ಕಾಗದದ ಮೇಲಿನ ಐದು ಸಾಲು ಮಾತ್ರ ಹಾಗೇ ಇತ್ತು.

ಮೊದಲ ತತ್ವದಲ್ಲೇ ಏಕದೇವ ಇದ್ದದ್ದರಿಂದ ಬಾಲಿಯ ಹಿಂದೂಗಳು ತಮ್ಮ ಧರ್ಮಕ್ಕೆ ಮಾನ್ಯತೆ ಪಡೆಯಲು, ನಮ್ಮಲ್ಲೂ ಸಂಘ್ಯಾಂಗ್ ವಿಧಿ ಅನ್ನುವ ಒಬ್ಬನೇ ದೇವರಿದ್ದಾನೆ ಅಂತ ಸರ್ಕಾರಕ್ಕೆ ತೋರಿಸಿಕೊಡಬೇಕಾಯಿತು. ಮಾನ್ಯತೆ ಸಿಗದ ಮೂಲ ನಂಬಿಕೆಗಳವರ ಪಾಡು ಇನ್ನೂ ಕಷ್ಟವಿತ್ತು. ಗುರುತಿನ ಚೀಟಿಯಲ್ಲಿ ಧರ್ಮದ ಜಾಗ ಖಾಲಿ ಬಿಡಬೇಕಿತ್ತು, ಇಲ್ಲವಾದರೆ ತಮ್ಮದಲ್ಲದ ಒಂದು ಧರ್ಮದ ಹೆಸರು ಹಾಕಿಸಬೇಕಿತ್ತು. ಖಾಲಿ ಜಾಗ ಇದ್ದ ಚೀಟಿ ಹಿಡಿದು ಕಚೇರಿಗೆ ಹೋದರೆ ಮದುವೆ ನೋಂದಣಿಗೂ ತೊಂದರೆ, ಕೆಲಸ ಹುಡುಕುವುದಕ್ಕೂ ತೊಂದರೆ ಆಗುತ್ತಿತ್ತು. ಅಲ್ಲಿನ ಸಂವಿಧಾನ ನ್ಯಾಯಾಲಯ ಇದು ತಪ್ಪು ಅಂತ ಹೇಳಿದ್ದು 2017ರ ನವೆಂಬರ್‌ನಲ್ಲಿ. ಸ್ವಾತಂತ್ರ್ಯ ಬಂದು 72 ವರ್ಷ ಆಗಿತ್ತು.

ಹಾಗಾಗಿ ನಾಗರಿಕ ಧರ್ಮ ಒಳ್ಳೆಯದಾ ಕೆಟ್ಟದ್ದಾ ಅಂತ ನಾನು ಕೇಳುವುದಿಲ್ಲ. ಅದರ ಹೆಸರು ಹೇಳಿ ಸರ್ಕಾರವನ್ನು ಪ್ರಶ್ನೆ ಮಾಡಿದವನಿಗೆ ಏನಾಗುತ್ತದೆ ಅಂತ ನೋಡುತ್ತೇನೆ. 1963ರಲ್ಲಿ ಕಿಂಗ್ ಮೈಕ್ ಹಿಡಿದು ನಿಲ್ಲಬಹುದಿತ್ತು. 1985ರ ಜಕಾರ್ತಾದಲ್ಲಿ ಅದು ಸಾಧ್ಯವಿರಲಿಲ್ಲ.

---

ಕಲ್ಲುಬೆಂಚು

ಅಂಚೆಪೆಟ್ಟಿಗೆ ಅವರ ಕೊನೆಯ ಮಾತು ನನಗೆ ಒಪ್ಪಿಗೆ. ಅದಕ್ಕೆ ಇನ್ನೊಂದು ಸೇರಿಸುತ್ತೇನೆ. ಪವಿತ್ರ ಆಗಿರುವುದು ಒಂದು ಬರಹವಾ, ಒಬ್ಬ ಮನುಷ್ಯನಾ ಅನ್ನುವುದರ ಮೇಲೆ ಬಹಳ ನಿಂತಿದೆ. ಟರ್ಕಿಯಲ್ಲಿ ಪ್ರತಿ ನವೆಂಬರ್ 10ರಂದು ಬೆಳಿಗ್ಗೆ 9 ಗಂಟೆ 5 ನಿಮಿಷಕ್ಕೆ ಸೈರನ್ ಕೂಗುತ್ತದೆ, ರಸ್ತೆಯಲ್ಲಿ ಕಾರು ನಿಲ್ಲಿಸಿ ಜನ ಇಳಿದು ನಿಲ್ಲುತ್ತಾರೆ. ಅದು ಆ ಗಣರಾಜ್ಯ ಕಟ್ಟಿದ ಅತಾತುರ್ಕ್ ತೀರಿಕೊಂಡ ಹೊತ್ತು. ಪ್ರೀತಿಯಿಂದ ನಿಲ್ಲುವವರು ಲಕ್ಷಾಂತರ ಜನ ಇದ್ದಾರೆ, ಅವರ ಪ್ರೀತಿಯನ್ನು ನಾನು ಸಣ್ಣದು ಮಾಡುವುದಿಲ್ಲ. ಆದರೆ ಅತಾತುರ್ಕ್ ಅವರ ನೆನಪಿಗೆ ಅವಮಾನ ಮಾಡಿದರೆ ಜೈಲು ಅನ್ನುವ ಕಾನೂನೂ 1951ರಿಂದ ಇದೆ. ಬರಹವನ್ನಾದರೆ ಓದಿ, ಹೀಗೂ ಅರ್ಥ ಇದೆ ಅಂತ ವಾದ ಹೂಡಬಹುದು, ತಿದ್ದುಪಡಿ ತರಬಹುದು. ಮನುಷ್ಯನನ್ನು ತಿದ್ದುಪಡಿ ಮಾಡುವುದು ಹೇಗೆ?

ಅಂಬೇಡ್ಕರ್ ಅವರು 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಇದನ್ನೇ ಎಚ್ಚರಿಸಿದ್ದರು. ಧರ್ಮದಲ್ಲಿ ಭಕ್ತಿ ಆತ್ಮಕ್ಕೆ ಮುಕ್ತಿಯ ದಾರಿ ಇರಬಹುದು, ರಾಜಕೀಯದಲ್ಲಿ ಭಕ್ತಿ ಮಾತ್ರ ಅಧೋಗತಿಗೂ ಕೊನೆಗೆ ಸರ್ವಾಧಿಕಾರಕ್ಕೂ ದಾರಿ ಅಂತ. ಅದಕ್ಕೂ ಸ್ವಲ್ಪ ದಿನ ಮುಂಚೆ, ಅಕ್ಟೋಬರ್ 17ರಂದು, ಪೀಠಿಕೆಯನ್ನು ದೇವರ ಹೆಸರಿನಿಂದ ಶುರು ಮಾಡಬೇಕು ಅಂತ ಎಚ್. ವಿ. ಕಾಮತ್ ತಿದ್ದುಪಡಿ ತಂದಿದ್ದರು. ಹೃದಯನಾಥ ಕುಂಜ್ರು ಅವರು ದೇವರನ್ನು ನಂಬುವವರೇ, ಆದರೂ ವಿರೋಧಿಸಿದರು. ಇಂಥ ವಿಷಯದಲ್ಲಿ ಯಾರ ಮೇಲೂ ನಮ್ಮ ಭಾವನೆ ಹೇರಬಾರದು ಅನ್ನುವುದು ಅವರ ವಾದ. ದೇವರನ್ನು ಮತಕ್ಕೆ ಹಾಕಿ ನಮ್ಮನ್ನು ಇಕ್ಕಟ್ಟಿಗೆ ಸಿಕ್ಕಿಸಬೇಡಿ ಅಂತ ಕಾಮತ್ ಅವರನ್ನು ಕೇಳಿಕೊಂಡವರೂ ಇದ್ದರು, ಅವರು ಬಿಡಲಿಲ್ಲ. ಪರ 41, ವಿರೋಧ 68. ತಿದ್ದುಪಡಿ ಬಿದ್ದುಹೋಯಿತು. ಆ ಸಭೆಯಲ್ಲಿ ಕೂತಿದ್ದವರಲ್ಲಿ ಹೆಚ್ಚಿನವರು ಆಸ್ತಿಕರೇ. ತಮ್ಮ ನಂಬಿಕೆ ಗಟ್ಟಿಯಾಗಿ ಇಟ್ಟುಕೊಂಡೇ, ನಂಬದವನಿಗೂ ಮೊದಲ ಸಾಲಿನಲ್ಲೇ ಜಾಗ ಬಿಟ್ಟರು. ನಾಗರಿಕ ಧರ್ಮ ಅನ್ನುವುದು ಈ ಥರ ಇದ್ದರೆ ನಾನು ಅದರ ವಿರೋಧಿ ಅಲ್ಲ.

---

ಚುಕ್ಕಿಗೆರೆ

ಕಲ್ಲುಬೆಂಚು ಅವರೇ, ಹಾಗಾದರೆ ನಮ್ಮ ನಡುವೆ ಅಂತರ ಜಾಸ್ತಿ ಇಲ್ಲ. ಒಂದೇ ಒಂದು ಕಡೆ ನಾನು ನಿಮ್ಮಿಂದ ಬೇರೆ. ಹೊರಗೆ ನಿಂತವನಿಗೆ ಜಾಗ ಬಿಡುವುದು ನಾಗರಿಕ ಧರ್ಮಕ್ಕೆ ನಾವು ಹೊರಗಿಂದ ಹಾಕುವ ಲಗಾಮು ಅನ್ನುವ ಹಾಗೆ ನೀವು ಮಾತಾಡುತ್ತೀರಿ. ನನಗೆ ಅದು ಒಳಗಿಂದಲೇ ಬರಬಹುದು ಅನ್ನಿಸುತ್ತದೆ. ಕೇರಳದ ಮೂವರು ಮಕ್ಕಳ ಪ್ರಕರಣ ನಿಮಗೆ ಗೊತ್ತೇ ಇರುತ್ತದೆ, ಅದೇ ಯೆಹೋವನ ಸಾಕ್ಷಿಗಳ ಮಕ್ಕಳು. ರಾಷ್ಟ್ರಗೀತೆ ಬಂದಾಗ ಎದ್ದು ಗೌರವದಿಂದ ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ. 1985ರಲ್ಲಿ ಶಾಲೆಯಿಂದ ತೆಗೆದರು. 1986ರಲ್ಲಿ ಸುಪ್ರೀಂ ಕೋರ್ಟ್ ಅವರನ್ನು ವಾಪಸ್ ಸೇರಿಸಿಕೊಳ್ಳಿ ಅಂದಿತು. ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿ ಅವರು ತೀರ್ಪಿನ ಕೊನೆಗೆ ಏನು ಹೇಳಿದರು? ಸಹನೆಯನ್ನು ನಮ್ಮ ಪರಂಪರೆ ಕಲಿಸುತ್ತದೆ, ನಮ್ಮ ಸಂವಿಧಾನ ಪಾಲಿಸುತ್ತದೆ, ಅದನ್ನು ತೆಳುಗೊಳಿಸಬೇಡಿ ಅಂತ. ಅದೂ ಒಂದು ನಾಗರಿಕ ಧರ್ಮದ ಮಾತೇ ತಾನೇ? ಮಕ್ಕಳನ್ನು ಹೊರಗೆ ಹಾಕಿದವರೂ ದೇಶದ ಹೆಸರಿನಲ್ಲಿ ಹಾಕಿದರು, ಒಳಗೆ ಕರೆದವರೂ ದೇಶದ ಹೆಸರಿನಲ್ಲೇ ಕರೆದರು.

---

ಹಳೇಪುಟ

ಇದು ಚೆನ್ನಾಗಿದೆ. ಇನ್ನೊಂದೇ ಕೇಳಿ ಸುಮ್ಮನಾಗುತ್ತೇನೆ. ಎದ್ದು ನಿಲ್ಲುವುದು, ಹಾಡುವುದು ಬಿಡಿ. ಅಧಿಕಾರ ಹಿಡಿಯುವ ಪ್ರಮಾಣ ಇದೆಯಲ್ಲ, ಅದನ್ನು ತಪ್ಪಿಸಲು ಆಗುವುದಿಲ್ಲ. ದೇವರನ್ನು ನಂಬದವನು ಅಲ್ಲಿ ಏನು ಮಾಡುತ್ತಿದ್ದ?

---

ಅಂಚೆಪೆಟ್ಟಿಗೆ

ಒಳ್ಳೆಯ ಪ್ರಶ್ನೆ, ಇದಕ್ಕೆ ನೇರ ಉತ್ತರ ಇದೆ. ಅಮೆರಿಕದವರು 1787ರ ಸಂವಿಧಾನದಲ್ಲೇ ಆಣೆ ಅಥವಾ ದೃಢವಚನ ಅಂತ ಎರಡನ್ನೂ ಇಟ್ಟಿದ್ದರು. ಆಣೆ ಇಡುವುದೇ ಪಾಪ ಅನ್ನುವ ಕ್ವೇಕರ್ ಪಂಗಡದವರಿಗೆ ಅದರಿಂದ ದೊಡ್ಡ ಅನುಕೂಲ ಆಯಿತು. ಬ್ರಿಟನ್ನಿನಲ್ಲಿ ಜಗಳ ಆಡಿ ಪಡೆಯಬೇಕಾಯಿತು. 1880ರಲ್ಲಿ ಚಾರ್ಲ್ಸ್ ಬ್ರಾಡ್ಲಾ ಅನ್ನುವ ನಾಸ್ತಿಕರು ನಾರ್ಥಾಂಪ್ಟನ್‌ನಿಂದ ಆರಿಸಿ ಬಂದರು. ದೇವರ ಹೆಸರಿಲ್ಲದೆ ದೃಢವಚನ ಕೊಡುತ್ತೇನೆ ಅಂದರು, ಸಂಸತ್ತಿನವರು ಆಗುವುದಿಲ್ಲ ಅಂದರು. ಸರಿ, ಎಲ್ಲರ ಹಾಗೆ ಪ್ರಮಾಣವನ್ನೇ ಮಾಡುತ್ತೇನೆ ಅಂದರು ಬ್ರಾಡ್ಲಾ. ನೀನು ದೇವರನ್ನು ನಂಬದವನು, ನಿನ್ನ ಪ್ರಮಾಣಕ್ಕೆ ಬೆಲೆ ಇಲ್ಲ, ಅದೂ ಆಗುವುದಿಲ್ಲ ಅಂದರು. ಹೊರಗೆ ಹೋಗು ಅಂದರೂ ಹೋಗದೆ ಇದ್ದದ್ದಕ್ಕೆ ಸಂಸತ್ತಿನ ಗಡಿಯಾರ ಗೋಪುರದಲ್ಲೇ ಕೂಡಿ ಹಾಕಿದರು. ಸ್ಥಾನ ಖಾಲಿ ಅಂತ ಮತ್ತೆ ಮತ್ತೆ ಉಪಚುನಾವಣೆ ಆಯಿತು, 1881, 1882, 1884 ಮೂರು ಸಲವೂ ನಾರ್ಥಾಂಪ್ಟನ್ ಜನ ಅವರನ್ನೇ ಗೆಲ್ಲಿಸಿ ಕಳಿಸಿದರು. ಆ ಮತದಾರರೇನೂ ನಾಸ್ತಿಕರಲ್ಲ, ಬಹುಪಾಲು ಚರ್ಚಿಗೆ ಹೋಗುವವರೇ. ನಮ್ಮ ಪ್ರತಿನಿಧಿ ಯಾರು ಅಂತ ನಾವು ಹೇಳುತ್ತೇವೆ ಅನ್ನುವುದು ಅವರ ಹಟ.

ಕೊನೆಗೆ 1886ರಲ್ಲಿ ಹೊಸ ಸ್ಪೀಕರ್ ಅಡ್ಡಿ ಮಾಡಲಿಲ್ಲ, ಬ್ರಾಡ್ಲಾ ಪ್ರಮಾಣ ಮಾಡಿ ಒಳಗೆ ಕೂತರು. ಎರಡು ವರ್ಷದ ಮೇಲೆ, 1888ರಲ್ಲಿ, ಯಾರು ಬೇಕಾದರೂ ದೇವರ ಹೆಸರಿಲ್ಲದೆ ದೃಢವಚನ ಕೊಡಬಹುದು ಅನ್ನುವ ಕಾನೂನು ಬಂತು. ಅದನ್ನು ಸಂಸತ್ತಿನಲ್ಲಿ ಮುಂದೆ ನಿಂತು ಮಾಡಿಸಿದವರು ಬ್ರಾಡ್ಲಾ ಅವರೇ. ಭಾರತದ ಸಂವಿಧಾನದ ಮೂರನೇ ಅನುಸೂಚಿಯಲ್ಲೂ ಎರಡು ದಾರಿ ಇದೆ. ದೇವರ ಹೆಸರಲ್ಲಿ ಪ್ರಮಾಣ ಮಾಡಬಹುದು, ಇಲ್ಲವೇ ಸತ್ಯನಿಷ್ಠೆಯಿಂದ ದೃಢವಚನ ಕೊಡಬಹುದು. ಯಾವುದನ್ನು ಆರಿಸಿಕೊಂಡರೂ ಆಮೇಲೆ ಹೇಳಬೇಕಾದ ಮಾತು ಇಬ್ಬರಿಗೂ ಒಂದೇ.